ಪೊಲೀಸ್ ಪರಿಶೀಲನೆ ಮುಗಿದ ಮೇಲೆ ಸರ್ಕಾರಿ ಕೆಲಸ ಬೇಡ ಎನ್ನುವುದು ಹೇಗೆ?

ನಮ್ಮ ಬೀದಿಯ ಹುಡುಗಿಯೊಬ್ಬಳಿಗೆ ಕೇಂದ್ರ ಸರ್ಕಾರದ ವೈಜ್ಞಾನಿಕ ಸಂಸ್ಥೆಯೊಂದರಲ್ಲಿ ಕೆಲಸ ಆಯಿತು. ಸಂದರ್ಶನ ಮುಗಿದು ಹನ್ನೊಂದು ತಿಂಗಳಾದ ಮೇಲೆ ಆರ್ಡರ್ ಕೈಗೆ ಬಂತು. ಈ ನಡುವೆ ಠಾಣೆಯ ಕಾನ್‌ಸ್ಟೆಬಲ್ ಬಂದು, ಜಗಲಿಯ ಮೇಲೆ ಕುಳಿತು ಕಾಫಿ ಕುಡಿದು, ಎದುರು ಮನೆಯವರ ಸಹಿ ಹಾಕಿಸಿಕೊಂಡು ಹೋಗಿದ್ದರು. ಅಷ್ಟರಲ್ಲಿ ಹುಡುಗಿ ಖಾಸಗಿ ಕಂಪನಿಯಲ್ಲಿ ನೆಲೆಯೂರಿದ್ದಳು. ‘ಪೊಲೀಸರು ಬಂದದ್ದು ಬೀದಿಗೆಲ್ಲ ಗೊತ್ತು. ಈಗ ಬೇಡ ಎಂದರೆ ಜನ ಏನೆಂದುಕೊಳ್ಳುತ್ತಾರೆ?’ ಎಂದು ಅಮ್ಮ ಕೊರಗಿದರು. ಮಗಳ ಭಯ ಬೇರೆ: ಇಷ್ಟೆಲ್ಲ ವಿಚಾರಿಸಿದ ಮೇಲೆ ಬಿಟ್ಟರೆ ಕೇಸು ಹಾಕುತ್ತಾರೆಯೇ?

ಹಾಕುವುದಿಲ್ಲ. ಪೊಲೀಸ್ ಪರಿಶೀಲನೆಗಾಗಿ ನಿಮ್ಮ ಪೂರ್ವಾಪರ ಬರೆದುಕೊಡುವ ಅಟೆಸ್ಟೇಷನ್ ಫಾರ್ಮ್ ಆಗಲಿ, ಪರಮಾಣು ಇಂಧನ ಇಲಾಖೆಯಂಥ ಕಡೆ ತುಂಬಿಸುವ ವಿಶೇಷ ಭದ್ರತಾ ಪ್ರಶ್ನಾವಳಿಯಾಗಲಿ, ಕೆಲಸಕ್ಕೆ ಸೇರಿಯೇ ತೀರುತ್ತೇನೆ ಎಂಬ ಮುಚ್ಚಳಿಕೆಯಲ್ಲ. ಅಲ್ಲಿ ಸುಳ್ಳು ಬರೆದರೆ, ಮೊಕದ್ದಮೆ ಇದ್ದದ್ದನ್ನು ಮುಚ್ಚಿಟ್ಟರೆ ತೊಂದರೆ. ನಿಮ್ಮ ಪೂರ್ವಾಪರ ವಿಚಾರಿಸಿದ್ದು ಸರ್ಕಾರದ ಅಗತ್ಯಕ್ಕೆ. ಅದರ ಋಣ ನಿಮ್ಮ ತಲೆಯ ಮೇಲಿಲ್ಲ.

ಮೊದಲ ಕೆಲಸ, ಆರ್ಡರನ್ನು ಕೊನೆಯ ಪುಟದವರೆಗೆ ಓದುವುದು. ಒಪ್ಪಿಗೆ ತಿಳಿಸಲು ಒಂದು ದಿನಾಂಕ, ಹಾಜರಾಗಲು ಇನ್ನೊಂದು ದಿನಾಂಕ ಇರಬಹುದು. ಜೊತೆಗೆ ಮೂಲ ಅಧಿಸೂಚನೆಯನ್ನೂ ಹುಡುಕಿ ತೆಗೆಯಿರಿ. ಆಯ್ಕೆಯಾಗಿ ಸೇರದವರಿಗೆ ಏನಾದರೂ ನಿರ್ಬಂಧ ಇದ್ದರೆ ಅಲ್ಲಿಯೇ ಬರೆದಿರುತ್ತದೆ.

ಬೇಡವೋ, ಈಗ ಬೇಡವೋ?

ಇದನ್ನು ಮನೆಯಲ್ಲೇ ತೀರ್ಮಾನಿಸಿಕೊಳ್ಳಿ. ಕಾಲಾವಕಾಶ ಸಾಕಾಗದಿದ್ದರೆ ನಿರಾಕರಿಸುವ ಬದಲು ವಿಸ್ತರಣೆ ಕೇಳಬಹುದು. ಕೊಡಲೇಬೇಕೆಂದೇನಿಲ್ಲ. ಕೇಂದ್ರ ಸರ್ಕಾರದ ನೇಮಕಾತಿಗಳಲ್ಲಿ ಎಷ್ಟೇ ವಿಸ್ತರಿಸಿದರೂ ಆರ್ಡರ್ ಹೊರಟ ದಿನದಿಂದ ಆರು ತಿಂಗಳು ಮುಗಿದರೆ ಅದು ತಾನಾಗಿ ರದ್ದಾಗುತ್ತದೆ. ರದ್ದಾದದ್ದಕ್ಕೆ ಸಾಮಾನ್ಯವಾಗಿ ಮರುಜೀವ ಇಲ್ಲ. ಹಾಗಾಗಿ ಅರ್ಧ ಮನಸ್ಸಿನಿಂದ ಪತ್ರ ಬರೆಯಲು ಕೂರಬೇಡಿ.

‘ಸೇರಿ ನೋಡೋಣ, ಆಮೇಲೆ ಬಿಟ್ಟರಾಯಿತು’ ಎನ್ನುವ ಚಿಕ್ಕಪ್ಪಂದಿರು ಎಲ್ಲ ಮನೆಗಳಲ್ಲೂ ಇರುತ್ತಾರೆ. ಅವರ ಮಾತು ಕೇಳುವ ಮುನ್ನ ಇಷ್ಟು ತಿಳಿದಿರಲಿ: ಕೇಂದ್ರದಲ್ಲಿ ಇನ್ನೂ ಕಾಯಂ ಆಗದ ತಾತ್ಕಾಲಿಕ ನೌಕರರು ಕೆಲಸ ಬಿಡಲು 1965ರ ತಾತ್ಕಾಲಿಕ ಸೇವಾ ನಿಯಮಗಳಡಿ ಒಂದು ತಿಂಗಳ ನೋಟಿಸ್ ಕೊಡಬೇಕು, ತರಬೇತಿಯ ಬಾಂಡ್‌ಗೆ ಸಹಿ ಹಾಕಿದ್ದರೆ ದುಡ್ಡನ್ನೂ ಕಟ್ಟಬೇಕಾಗುತ್ತದೆ. ಹಾಜರಾಗುವ ಮೊದಲು ಬಿಡುವುದೇ ಸಲೀಸು.

ಪತ್ರ

ಸುಮ್ಮನಿದ್ದರೂ ಗಡುವು ಮೀರಿ ಆರ್ಡರ್ ರದ್ದಾಗುತ್ತದೆಯಲ್ಲ, ಪತ್ರ ಏಕೆ ಎಂದು ಕೇಳುವವರುಂಟು. ಹೆಚ್ಚುವರಿ ಪಟ್ಟಿ ಇರುವ ನೇಮಕಾತಿಯಾದರೆ ನಿಮ್ಮ ನಂತರದ ಹೆಸರಿನವರು ಫೋನ್ ಹಿಡಿದುಕೊಂಡು ಕಾಯುತ್ತಿರುತ್ತಾರೆ. ಪಟ್ಟಿಯ ಅವಧಿ ಮುಗಿದ ಮೇಲೆ ನಿಮ್ಮ ಜಾಗ ಖಾಲಿಯಾದರೆ ಅವರಿಗೆ ಏನು ಬಂತು? ನನ್ನ ಮಟ್ಟಿಗೆ ಈ ಮೌನ ಶುದ್ಧ ಉಡಾಫೆ.

ವಿಷಯದ ಸಾಲಿನಲ್ಲಿ ಹುದ್ದೆಯ ಹೆಸರು, ಉಲ್ಲೇಖದಲ್ಲಿ ಆರ್ಡರಿನ ಸಂಖ್ಯೆ ಮತ್ತು ದಿನಾಂಕ, ಕೆಳಗೆ ನಿಮ್ಮ ನೋಂದಣಿ ಸಂಖ್ಯೆ ಇರಲಿ. ಇವು ಮೂರೂ ಇಲ್ಲದ ಪತ್ರ ಯಾವ ಕಡತಕ್ಕೂ ಸೇರದೆ ಟಪಾಲು ವಿಭಾಗದಲ್ಲೇ ಅಲೆದಾಡುತ್ತದೆ. ಒಕ್ಕಣೆ ಇಷ್ಟು ಸಾಕು: ‘ಮೇಲೆ ಉಲ್ಲೇಖಿಸಿದ ನೇಮಕಾತಿ ಆದೇಶಕ್ಕಾಗಿ ಕೃತಜ್ಞತೆಗಳು. ವೈಯಕ್ತಿಕ ಕಾರಣಗಳಿಂದ ಈ ಹುದ್ದೆಗೆ ಸೇರಲು ಸಾಧ್ಯವಾಗುತ್ತಿಲ್ಲ. ನನ್ನ ಉಮೇದುವಾರಿಕೆಯನ್ನು ಹಿಂಪಡೆಯುತ್ತಿದ್ದೇನೆ. ಪತ್ರ ತಲುಪಿದ್ದಕ್ಕೆ ಸ್ವೀಕೃತಿ ನೀಡಬೇಕೆಂದು ಕೋರುತ್ತೇನೆ.’ ಕೇಂದ್ರದ ಕಚೇರಿಗೆ ಇದನ್ನೇ ಇಂಗ್ಲಿಷಿನಲ್ಲಿ, ರಾಜ್ಯದ ಇಲಾಖೆಗೆ ಕನ್ನಡದಲ್ಲಿ ಬರೆಯಿರಿ.

ಹೊಸ ಕಂಪನಿಯ ಸಂಬಳ, ತಡವಾದದ್ದರ ಬಗ್ಗೆ ದೂರು, ಅಪ್ಪನ ಮಂಡಿನೋವು ಯಾವುದೂ ಬೇಡ. ‘ಬೆಂಗಳೂರಿಗೆ ಹಾಕಿದರೆ ಬರುತ್ತೇನೆ’ ಎಂಬ ಬಾಲಂಗೋಚಿಯಂತೂ ಬೇಡವೇ ಬೇಡ; ಓದಿದವರಿಗೆ ಇದು ನಿರಾಕರಣೆಯೋ ಮನವಿಯೋ ತಿಳಿಯುವುದಿಲ್ಲ.

ಆರ್ಡರಿನಲ್ಲಿರುವ ಇಮೇಲ್ ವಿಳಾಸಕ್ಕೆ ಸಹಿ ಮಾಡಿದ ಪ್ರತಿಯನ್ನು ಕಳುಹಿಸಿ, ಮೂಲವನ್ನು ಅಂಚೆಗೆ ಹಾಕಿ. ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿದೆ, ಕೌಂಟರಿನಲ್ಲಿ ಹಳೆಯ ಹೆಸರು ಹೇಳಿ ತಡಕಾಡಬೇಡಿ. ರಸೀದಿ ಜೋಪಾನ. ವಾರ ಕಳೆದರೂ ಉತ್ತರ ಬಾರದಿದ್ದರೆ ನೇಮಕಾತಿ ವಿಭಾಗಕ್ಕೆ ಒಮ್ಮೆ ಫೋನ್ ಮಾಡಿ. ಮೂಲ ಅಂಕಪಟ್ಟಿಗಳು ಅವರಲ್ಲಿ ಉಳಿದಿದ್ದರೆ ಹಿಂದಿರುಗಿಸುವಂತೆ ಬರೆದೇ ಕೇಳಿ. ಈಗಾಗಲೇ ಸರ್ಕಾರಿ ನೌಕರರಾಗಿದ್ದು ನಿರಾಕ್ಷೇಪಣಾ ಪತ್ರ ಪಡೆದಿದ್ದವರು ತಮ್ಮ ಕಚೇರಿಗೂ ವಿಷಯ ತಿಳಿಸಬೇಕು.

ತುಂಬಿದ ಅಟೆಸ್ಟೇಷನ್ ಫಾರ್ಮಿನ ಪ್ರತಿಯನ್ನು ಮಾತ್ರ ಎಸೆಯಬೇಡಿ. ಮುಂದೆ ಇನ್ನೊಂದು ಸರ್ಕಾರಿ ಕೆಲಸಕ್ಕೆ ಆಯ್ಕೆಯಾದರೆ ಅದೇ ಹಳೆಯ ವಿಳಾಸಗಳನ್ನು ಮತ್ತೆ ಕೇಳುತ್ತಾರೆ, ಎರಡು ಕಡೆ ಎರಡು ಥರ ಬರೆದಿರಬಾರದು.

ಹಾಗೆಯೇ ಸಹಿ ಹಾಕಿದ ಎದುರು ಮನೆಯವರಿಗೂ ಒಂದು ಮಾತು ಹೇಳಿಬಿಡಿ. ನಮ್ಮ ಬೀದಿಯ ಹುಡುಗಿ ಅದೊಂದನ್ನು ಮರೆತಳು. ‘ಮಗಳು ಡ್ಯೂಟಿಗೆ ಹೋಗುವುದು ಯಾವಾಗ?’ ಎಂದು ಅವರು ಈಗಲೂ ಅಮ್ಮನನ್ನು ಕೇಳುತ್ತಿದ್ದಾರೆ.