ಬೆಲ್ಟ್ ಬದಲಿಸದೇ ನೆಟ್ಟಗಾದ ಕನ್ವೇಯರ್

ನಮ್ಮ ಪಾರ್ಸೆಲ್ ಸಾರ್ಟಿಂಗ್ ಸೆಂಟರಿನ ಏರು ಕನ್ವೇಯರ್ (ಪಾರ್ಸೆಲ್‌ಗಳನ್ನು ಮೇಲಕ್ಕೆ ಒಯ್ಯುವ ಬೆಲ್ಟು) ನಾಲ್ಕು ತಿಂಗಳಿಂದ ಎಡಕ್ಕೆ ಎಳೆಯುತ್ತಿತ್ತು. ಬೆಲ್ಟಿನ ಅಂಚು ಫ್ರೇಮಿಗೆ ಉಜ್ಜಿ ನೂಲು ನೂಲಾಗಿ ಬಿಚ್ಚಿಕೊಳ್ಳುತ್ತಿತ್ತು. ಕೆಳಗೆ ದಿನಾ ಒಂದು ಹಿಡಿ ಕಪ್ಪು ಪುಡಿ. 'ಬೆಲ್ಟ್ ಹೋಯ್ತು, ಹೊಸದು ಹಾಕಿಸಿ' ಅಂತ ಎಲ್ಲರದ್ದೂ ಒಂದೇ ಮಾತು. ಹೊಸ ಬೆಲ್ಟು, ಜಾಯಿಂಟ್ ಹಾಕುವವರ ಕೂಲಿ, ಲೈನ್ ನಿಲ್ಲಿಸಿದ ನಷ್ಟ ಎಲ್ಲ ಸೇರಿದರೆ ನಮ್ಮ ಬಿಡಿಭಾಗದ ಬಜೆಟ್ಟು ಹೆಚ್ಚುಕಮ್ಮಿ ಎರಡು ತಿಂಗಳದ್ದು ಅಲ್ಲಿಗೇ ಖಾಲಿ. 'ಎರಡು ವಾರ ಕೊಡಿ ಸಾರ್' ಅಂದೆ. ಸೂಪರ್‌ವೈಸರ್ ನಕ್ಕರು. ಆದರೂ ಕೊಟ್ಟರು.

ಮೊದಲು ನಾನು ಮಾಡಿದ್ದೂ ಎಲ್ಲರೂ ಮಾಡುವ ತಪ್ಪೇ. ಟೇಲ್ ಪುಲ್ಲಿಯ, ಅಂದರೆ ಬೆಲ್ಟಿನ ಹಿಂದುದಿಯ ಉರುಳೆಯ, ಬೋಲ್ಟ್ ತಿರುಗಿಸಿದೆ. ಒಂದು ಗಂಟೆ ಚೆನ್ನಾಗಿ ಓಡಿತು. ಲೋಡ್ ಬಿದ್ದ ಕೂಡಲೇ ಮತ್ತೆ ಎಡಕ್ಕೆ. ಇನ್ನಷ್ಟು ಬಿಗಿ ಮಾಡಿದೆ. ಮೂರನೇ ರಾತ್ರಿ ಬೇರಿಂಗ್ ಕಿರುಚತೊಡಗಿತು. ಎರಡು ಬೇರಿಂಗ್ ದಂಡ. ಆ ಲೆಕ್ಕ ಇವತ್ತಿಗೂ ನನ್ನ ಹೆಸರಲ್ಲೇ ಇದೆ.

ಆಮೇಲೆ ಯಾರೂ ಚಾಲೂ ಮಾಡದಂತೆ ಸ್ವಿಚ್ಚಿಗೆ ಲಾಕ್ ಹಾಕಿ, ಟ್ಯಾಗ್ ಕಟ್ಟಿ, ಬೋಲ್ಟುಗಳನ್ನೆಲ್ಲ ಮತ್ತೆ ಸಮಕ್ಕೆ ತರಲು ಹೊರಟೆ. ಬೋಲ್ಟಿನ ಎಳೆ ಎಣಿಸಿದರೆ ಎಡಕ್ಕೂ ಬಲಕ್ಕೂ ಹನ್ನೊಂದೋ ಹನ್ನೆರಡೋ ಎಳೆ ವ್ಯತ್ಯಾಸ! ಹಿಂದಿನವನ ತಪ್ಪು ಮುಚ್ಚಲು ಒಬ್ಬೊಬ್ಬರೂ ಇನ್ನೊಂದು ಸುತ್ತು ಹಾಕಿದ್ದರು. ಫ್ರೇಮಿನ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದೆವು. ಸುಮಾರು 9 ಮಿಲಿಮೀಟರ್ ಓರೆ. ಬಲಗಡೆ ಕಾಲಿಗೆ ಹಳದಿ ಬಣ್ಣ ಮೆತ್ತಿಕೊಂಡಿತ್ತು. ಸರಕು ಎತ್ತುವ ಹಳದಿ ಫೋರ್ಕ್‌ಲಿಫ್ಟ್ ಗುದ್ದಿದೆ, ಯಾರೂ ಬಾಯಿ ಬಿಟ್ಟಿಲ್ಲ.

ಇನ್ನೊಬ್ಬ ಕಳ್ಳ ಕೆಳಗೆ ಅಡಗಿದ್ದ. ಡ್ರೈವ್ ಪಕ್ಕದ ಸ್ನಬ್ ರೋಲರ್, ಬೆಲ್ಟು ಓಡಿಸುವ ಪುಲ್ಲಿಗೆ ಬೆಲ್ಟನ್ನು ಇನ್ನಷ್ಟು ಸುತ್ತಿಸಿ ಹಿಡಿಯುವ ಚಿಕ್ಕ ಉರುಳೆ. ಕಿತ್ತುಬಿದ್ದ ಲೇಬಲ್‌ಗಳ ಅಂಟು, ದೂಳು ಸೇರಿ ಅದರ ಎಡತುದಿಯಲ್ಲಿ ಎರಡು ಮಿಲಿಮೀಟರ್ ದಪ್ಪ ಕಟ್ಟಿತ್ತು. ಉಗುರಿಗೂ ಬಗ್ಗಲಿಲ್ಲ. ಉಳಿ ಹಾಕಿದರೆ ರೋಲರ್‌ಗೆ ಗೀರು ಬೀಳುತ್ತೆ, ಹಾಗಾಗಿ ಪ್ಲಾಸ್ಟಿಕ್ ಪಟ್ಟಿಯಲ್ಲೇ ಕೆರೆದೆ. ಒಂದು ರಾತ್ರಿ ಪೂರ್ತಿ ಹಿಡಿಯಿತು. ಅಂಟು ಮೆತ್ತಗಾಗಲು ಏನು ಹಚ್ಚಿದೆ ಅಂತ ಕೇಳಬೇಡಿ, ಅದನ್ನು ಹೇಳಲ್ಲ!

ಫ್ರೇಮಿನ ಕಾಲಿನಡಿ ನಾಲ್ಕು ಶಿಮ್ (ತೆಳು ತಗಡಿನ ತುಂಡು) ಕೊಟ್ಟು ಫ್ರೇಮ್ ನೇರ ಮಾಡಿದೆ. ಆಮೇಲೆ ಬೆಲ್ಟು ಕೆಳಗಿಂದ ವಾಪಸ್ ಬರುವಾಗ ಹೊರುವ ರಿಟರ್ನ್ ರೋಲರ್‌ಗಳನ್ನು ಒಂದೊಂದಾಗಿ ಹಿಡಿದೆ. ಅದರ ಬೋಲ್ಟನ್ನು ಕಾಲು ಸುತ್ತು ತಿರುಗಿಸೋದು, ಬೆಲ್ಟ್ ಹತ್ತು ಸುತ್ತು ಬರುವ ತನಕ ಸುಮ್ನೆ ಕೂರೋದು. ಈ ಕೂರೋದೇ ಕಷ್ಟ. ಪಕ್ಕದಲ್ಲಿ ನಿಂತವರಿಗೆ ನಾನು ನಿದ್ದೆ ಮಾಡ್ತಿದ್ದೀನಿ ಅಂತಲೇ ಅನಿಸಿತ್ತು.

ಹಾಗೆ ಕೂತಾಗಲೇ ಇನ್ನೊಂದು ಆಟ ಹೂಡಿದೆ. ಬೆಳಕು ಬಿಟ್ಟು, ಎದುರಿನ ರಿಫ್ಲೆಕ್ಟರಿನಿಂದ ಅದು ವಾಪಸ್ ಬರದಿದ್ದರೆ ಪಾರ್ಸೆಲ್ ಇದೆ ಅಂತ ತಿಳಿಯುವ ನಮ್ಮ ಫೋಟೋ ಸೆನ್ಸರ್‌ಗಳಿಗೆ ಹೊಳೆಯುವ ಪ್ಲಾಸ್ಟಿಕ್ ಕವರ್ ಅಂದರೆ ಆಗದು. ಬೆಳಕು ಕವರಿಗೇ ಬಡಿದು ವಾಪಸ್ ಬಂದರೆ, ರಿಫ್ಲೆಕ್ಟರ್ ಕಾಣ್ತಿದೆ, ಎದುರು ಪಾರ್ಸೆಲ್ಲೇ ಇಲ್ಲ ಅಂದುಕೊಳ್ಳುತ್ತೆ ಅದು. ಮೊದಲು ರಟ್ಟಿನ ಟೋಪಿ ಮಾಡಿ ಹಾಕಿದೆ. ಏನೂ ಆಗಲಿಲ್ಲ, ನಗೆಪಾಟಲಾದೆ. ಸೆನ್ಸರನ್ನು ಒಂಚೂರು ಓರೆ ಮಾಡಿದ ಮೇಲೆ ತಪ್ಪು ಅರ್ಧಕ್ಕರ್ಧ ಇಳಿಯಿತು. ಎಷ್ಟು ಓರೆ ಅನ್ನೋದು ನಿಮ್ಮ ಲೈನ್ ನೋಡಿ ನೀವೇ ಕಂಡುಕೊಳ್ಳಿ.

ಈಗ ಏಳು ತಿಂಗಳಾಯ್ತು. ಅದೇ ಬೆಲ್ಟು, ಅದೇ ನೂಲೆದ್ದ ಅಂಚು, ನಡುವೆಯೇ ಓಡುತ್ತಿದೆ. ಹಾಳು ಮಾಡಿದ ಬೇರಿಂಗ್ ಸೇರಿಸಿದರೂ ಖರ್ಚು ಹೊಸ ಬೆಲ್ಟಿನ ಇಪ್ಪತ್ತನೇ ಒಂದು ಪಾಲು ದಾಟಿಲ್ಲ. ಆ ಕಾಲಿನ ಮುಂದೆ ಗುಜರಿಯ ಆ್ಯಂಗಲ್ ತುಂಡಿನಿಂದ ಒಂದು ಗಾರ್ಡ್ ಬೆಸುಗೆ ಹಾಕಿಟ್ಟೆ. ಮೊನ್ನೆ ನೋಡಿದರೆ ಅದರ ಮೇಲೆ ಆಗಲೇ ಹಳದಿ ಬಣ್ಣ.