ಆ ಮೊಬೈಲು ಅವಳೊಬ್ಬಳದಲ್ಲ

ಮನೆಯೊಳಗಿನ ಹೊಡೆತ ಬಡಿತದ ವಿರುದ್ಧ ಜಾಲತಾಣ ಮಾಡೋಣ ಅಂದಾಗ ಎಲ್ಲರ ತಲೆಗೂ ಮೊದಲು ಬರುವುದು ಲೋಗೊ, ಘೋಷಣೆ, ಅಳುವ ಹೆಂಗಸಿನ ಚಿತ್ರ. ನಾವೂ ಹಾಗೇ ಶುರು ಮಾಡಿ, ಆಮೇಲೆ ಎಲ್ಲ ಕಿತ್ತುಹಾಕಿದೆವು. ಮಲೆನಾಡಿನ ಒಂಟಿಮನೆಯಲ್ಲಿ ಹಗಲು ಹೆಂಡತಿಯ ಕೈಯಲ್ಲಿದ್ದ ಮೊಬೈಲು ರಾತ್ರಿ ಗಂಡನ ಕೈಗೋ ಮಗನ ಕೈಗೋ ಹೋಗುತ್ತದೆ. ಅವಳು ಓದಿದ್ದನ್ನು ಅವನೂ ನೋಡುತ್ತಾನೆ ಎಂದಿಟ್ಟುಕೊಂಡೇ ಪುಟ ಕಟ್ಟಬೇಕು.

ಬ್ರೌಸರ್ ಹಿಸ್ಟರಿಯಲ್ಲಿ ಉಳಿಯುವುದು ಪುಟದ ಶೀರ್ಷಿಕೆ ಮತ್ತು ವಿಳಾಸ. ನಮ್ಮ ಶೀರ್ಷಿಕೆ ‘ಮನೆ ಮಾಹಿತಿ’ ಅಷ್ಟೇ. ವಿಳಾಸದಲ್ಲೂ ದೌರ್ಜನ್ಯದ ಸುಳಿವಿಲ್ಲ. ಇದರಿಂದ ಗೂಗಲ್ ಹುಡುಕಾಟದಲ್ಲಿ ಪುಟ ಕೆಳಗೆ ಹೋಗಬಹುದು, ಹೋಗಲಿ. ಬದಲಿಗೆ ಒಳಗಿನ ಉಪಶೀರ್ಷಿಕೆಗಳನ್ನು ಜನ ಹುಡುಕುವ ಮಾತಿನಲ್ಲೇ ಇಟ್ಟೆವು: ‘ಗಂಡ ಹೊಡೆದರೆ ಏನು ಮಾಡಬೇಕು’, ‘ಮನೆಯಿಂದ ಹೊರಗೆ ಹಾಕಿದರೆ ಎಲ್ಲಿಗೆ ಹೋಗಬೇಕು’. ‘ಕೌಟುಂಬಿಕ ದೌರ್ಜನ್ಯ’ ಎಂಬುದು ಫೈಲಿನ ಮಾತು, ಅಡುಗೆಮನೆಯಲ್ಲಿ ಯಾರೂ ಹಾಗನ್ನುವುದಿಲ್ಲ.

ಇನ್ನೊಂದು ಅಪಾಯ ವಾಟ್ಸಾಪ್‌ನದು. ಲಿಂಕ್ ಕಳಿಸಿದ ಕೂಡಲೇ ಅದರ ಕೆಳಗೆ ಚಿತ್ರ, ಶೀರ್ಷಿಕೆ ತಾನಾಗಿ ಮೂಡುತ್ತವೆ. ಆ ಮುನ್ನೋಟದ ಸಾಲನ್ನು ಬೇರೆಯೇ ಬರೆಯಬೇಕು, ಚಿತ್ರ ಇಡಲೇಬಾರದು. ಬದಲಾಯಿಸಿದ ಮೇಲೂ ಕೆಲವು ಫೋನ್‌ಗಳಲ್ಲಿ ಹಳೆಯದೇ ಕಾಣುತ್ತಿರುತ್ತದೆ, ಹಾಗಾಗಿ ಲಿಂಕ್ ಹಂಚುವ ಮೊದಲೇ ಸರಿಮಾಡಿಕೊಳ್ಳಿ.

ಹೆಚ್ಚು ಸಮಯ ತಿಂದದ್ದು ‘ತಕ್ಷಣ ಮುಚ್ಚಿ’ ಗುಂಡಿ. ಅದನ್ನು ಒತ್ತಿದರೆ ಅಡಿಕೆ ಧಾರಣೆಯ ಪುಟ ತೆರೆಯುತ್ತದೆ. ನಮ್ಮ ಕಡೆ ಯಾವ ಮನೆಯ ಫೋನಿನಲ್ಲಿದ್ದರೂ ಅನುಮಾನ ಹುಟ್ಟಿಸದ ಪುಟ ಅದೊಂದೇ. ಮಾಮೂಲಿ ಲಿಂಕ್ ಕೊಟ್ಟರೆ ಬ್ಯಾಕ್ ಒತ್ತಿದ ಕೂಡಲೇ ನಮ್ಮ ಪುಟ ಮತ್ತೆ ಎದುರಿಗೆ ಬರುತ್ತದೆ. ಜಾವಾಸ್ಕ್ರಿಪ್ಟಿನ ‘ಲೊಕೇಶನ್ ರಿಪ್ಲೇಸ್’ ಬಳಸಿದರೆ ಬರುವುದಿಲ್ಲ. ಅಷ್ಟಕ್ಕೇ ಸಾಲದು. ಮಳೆಗಾಲದಲ್ಲಿ ಕರೆಂಟು ಹೋಗಿ ಟವರ್ ಕೈಕೊಟ್ಟಾಗ ಹೊಸ ಪುಟ ಬರುವುದು ತಡವಾಗುತ್ತದೆ, ಅಲ್ಲಿಯವರೆಗೆ ಹಳೆಯದು ತೆರೆಯ ಮೇಲೆ ಹಾಗೇ ನಿಂತಿರುತ್ತದೆ. ಆದ್ದರಿಂದ ಗುಂಡಿ ಒತ್ತಿದ ಕ್ಷಣ ತೆರೆಯನ್ನು ಮೊದಲು ಖಾಲಿ ಮಾಡಿ, ಆಮೇಲೆ ಧಾರಣೆ ಪುಟಕ್ಕೆ ಕಳಿಸಬೇಕು. ಹಿಸ್ಟರಿ ಮಾತ್ರ ಈ ಗುಂಡಿಯಿಂದ ಅಳಿಯುವುದಿಲ್ಲ. ಅದನ್ನು ಪುಟದ ಮೇಲ್ತುದಿಯಲ್ಲೇ ಹೇಳಿ, ಅಳಿಸುವ ಕ್ರಮವನ್ನೂ ಕೊಟ್ಟಿದ್ದೇವೆ. ಪೂರ್ತಿ ಹಿಸ್ಟರಿ ಅಳಿಸಿದರೆ ಅದೇ ಅನುಮಾನಕ್ಕೆ ದಾರಿ, ಈ ಒಂದು ಸಾಲನ್ನು ಅಳಿಸಿದರೆ ಸಾಕು. ಫೋನಿಗೆ ಗಂಡನ ಜಿಮೇಲ್ ಹಾಕಿದ್ದರೆ ಹುಡುಕಿದ ಮಾತು ಅವನ ಖಾತೆಯಲ್ಲೂ ದಾಖಲಾಗಿರಬಹುದು. ಅಂಥವರು ಅಕ್ಕತಂಗಿಯರ ಫೋನಿನಲ್ಲಿ ನೋಡುವುದೇ ವಾಸಿ.

ಪುಟದ ತೂಕ 60 ಕೆಬಿ ಮೀರದಂತೆ ನೋಡಿಕೊಂಡೆವು. ಬೇರೆ ಫಾಂಟ್ ತುರುಕಲಿಲ್ಲ, ಆಂಡ್ರಾಯ್ಡ್ ಫೋನಿನಲ್ಲಿರುವ ಕನ್ನಡ ಫಾಂಟೇ ಸಾಕು. ಜಾಹೀರಾತು, ಯಾರು ಏನು ನೋಡಿದರೆಂದು ಕದ್ದು ತಿಳಿಸುವ ಫೇಸ್‌ಬುಕ್‌ನ ಕೋಡ್ ತುಣುಕು ಯಾವುದೂ ಇಲ್ಲ. ಅವಿದ್ದರೆ ನಾಳೆ ಅದೇ ಫೋನಿನಲ್ಲಿ ವಿಚ್ಛೇದನದ ವಕೀಲರ ಜಾಹೀರಾತು ಬಂದು ಕೂರುತ್ತದೆ. ಕಚೇರಿಗಳಿಂದ ಬರುವ ಮಾಹಿತಿ ಹಳೆಯ ನುಡಿ ಫಾಂಟಿನಲ್ಲಿದ್ದರೆ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಕಣ್ಣಲ್ಲೇ ತಿದ್ದಬೇಕು. ಇಲ್ಲದಿದ್ದರೆ ಫೋನಿನಲ್ಲಿ ಕಾಣುವುದು ಬರೀ ಗೀಚು.

ಒಳಗೆ ಏನಿರಬೇಕು? ಕಾಯ್ದೆಯ ಪಾಠ ಬೇಡ. ಮೊದಲ ಪರದೆಯಲ್ಲಿ ತುರ್ತು ಕರೆಯ 112 ಮತ್ತು ಮಹಿಳಾ ಸಹಾಯವಾಣಿ 181, ಜೊತೆಗೆ ‘ಕರೆ ಮಾಡಿದ ಮೇಲೆ ಕಾಲ್ ಪಟ್ಟಿಯಿಂದ ಅಳಿಸಿ’ ಎಂಬ ಸಾಲು. ಎರಡನೆಯದು ಸಂರಕ್ಷಣಾಧಿಕಾರಿ, ಅಂದರೆ ಕಾಯ್ದೆಯಡಿ ದೂರು ಕೇಳಿ ನೆರವಾಗುವ ಅಧಿಕಾರಿ, ಯಾರು ಎಂಬುದು. ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೇ ಆ ಹೊಣೆಯಿದೆ. ‘ಸಿಡಿಪಿಒ ಆಫೀಸು’ ಅಂದರೆ ಜನಕ್ಕೆ ಅಂಗನವಾಡಿಯದು ಅಂತಷ್ಟೇ ಗೊತ್ತು. ಅದೇ ಅನುಕೂಲ, ಅಲ್ಲಿಗೆ ಹೋಗಲು ಮನೆಯಲ್ಲಿ ನೆಪ ಹುಡುಕಬೇಕಾಗಿಲ್ಲ.

ನಮ್ಮ ಕಡೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆ: ‘ಮನೆ, ತೋಟ ಎಲ್ಲ ಮಾವನ ಹೆಸರಲ್ಲಿದೆ, ನನಗೇನು ಹಕ್ಕು?’ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆಯ 17ನೇ ಕಲಂ ಪ್ರಕಾರ ಕೂಡಿಬಾಳಿದ ಮನೆಯಲ್ಲಿ ವಾಸಿಸುವ ಹಕ್ಕಿದೆ. ಮನೆ ಅತ್ತೆ ಮಾವಂದಿರ ಹೆಸರಲ್ಲಿದ್ದರೂ ಅದು ಕೂಡಿಬಾಳಿದ ಮನೆಯಾಗಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಇದು ವಾಸದ ಹಕ್ಕು, ಆಸ್ತಿಯ ಪಾಲಲ್ಲ. ಈ ವ್ಯತ್ಯಾಸವನ್ನು ದಪ್ಪಕ್ಷರದಲ್ಲಿ ಹಾಕಿ. ಹೊಸನಗರದಿಂದ ಸಾಗರದ ತವರಿಗೆ ಬಂದವಳು ಸಾಗರದ ಕೋರ್ಟಿನಲ್ಲೇ ಅರ್ಜಿ ಹಾಕಬಹುದು, ತಾತ್ಕಾಲಿಕವಾಗಿ ಇರುವ ಊರೂ ನಡೆಯುತ್ತದೆ ಎನ್ನುತ್ತದೆ 27ನೇ ಕಲಂ. 60 ದಿನದಲ್ಲಿ ಇತ್ಯರ್ಥಕ್ಕೆ ಪ್ರಯತ್ನಿಸಬೇಕೆಂದು ಕಾಯ್ದೆಯಲ್ಲಿದ್ದರೂ ಅದನ್ನೇ ಭರವಸೆಯಾಗಿ ಬರೆಯಬೇಡಿ. ಕೇಸು ಮುಗಿಯುವ ಮೊದಲೇ ಸಿಗುವ 23ನೇ ಕಲಂನ ಮಧ್ಯಂತರ ಆದೇಶ ಕೇಳಿ ಎಂದು ಬರೆಯಿರಿ. ಗಂಡ ಮತ್ತವನ ಮನೆಯವರ ಕ್ರೌರ್ಯಕ್ಕೆ ಶಿಕ್ಷೆ ಹೇಳುವ, ಹಳೆಯ ಕರಪತ್ರಗಳ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ, 2024ರ ಜುಲೈ 1ರಿಂದ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ಕಾನೂನು ನೆರವಿದೆ, ಅದರ ಸಹಾಯವಾಣಿ 15100.

ಸಂಪರ್ಕದ ಅರ್ಜಿಯಲ್ಲಿ ಹೆಸರು, ವಿಳಾಸ ಕೇಳುವುದಿಲ್ಲ. ಕೇಳುವುದು ಮೂರೇ: ಯಾವ ನಂಬರ್, ಯಾವ ಹೊತ್ತಿಗೆ ಕರೆ ಮಾಡಬಹುದು, ಬೇರೆಯವರು ಎತ್ತಿದರೆ ಏನು ಹೇಳಬೇಕು. ‘ಸ್ತ್ರೀಶಕ್ತಿ ಸಂಘದ ಮೀಟಿಂಗು’ ಅಂತ ಬರೆದವರಿಗೆ ನಾವು ಅದನ್ನೇ ಹೇಳುತ್ತೇವೆ. ತಲುಪಿತು ಎಂಬ ಎಸ್ಸೆಮ್ಮೆಸ್ ಕಳಿಸುವುದಿಲ್ಲ.

ಅನುಭವ ಕಥನ ಪ್ರಕಟಿಸುವಾಗ ಹೆಸರು ಬದಲಿಸಿದರೆ ಸಾಕು ಅನ್ನುವುದು ಶುದ್ಧ ಭ್ರಮೆ. ‘ಘಟ್ಟದಂಚಿನ ಎರಡೆಕರೆ ತೋಟ, ಇಬ್ಬರು ಹೆಣ್ಣುಮಕ್ಕಳು, ಗಂಡ ಸೊಸೈಟಿಯಲ್ಲಿ ಕೆಲಸ’ ಎಂದರೆ ಇಡೀ ಸೀಮೆಗೆ ಯಾರೆಂದು ತಿಳಿಯುತ್ತದೆ. ತಾಲ್ಲೂಕು, ಮಕ್ಕಳ ಸಂಖ್ಯೆ, ಕಸುಬು ಮೂರನ್ನೂ ಬದಲಿಸುತ್ತೇವೆ. ಜಗಲಿ, ತುಳಸಿಕಟ್ಟೆಯ ಫೋಟೊ ಬೇಡವೇ ಬೇಡ. ಕೇಸು ನಡೆಯುತ್ತಿದ್ದರೆ ಒಂದು ಸಾಲೂ ಹಾಕುವುದಿಲ್ಲ, ಅದನ್ನೇ ಎದುರು ವಕೀಲರು ಕೋರ್ಟಿನಲ್ಲಿ ಓದಬಹುದು.

ಪುಟ ಹೆಚ್ಚು ತಲುಪಿದ್ದು ಬಸ್ ನಿಲ್ದಾಣದ ಹೆಂಗಸರ ಶೌಚಾಲಯದ ಬಾಗಿಲ ಒಳಮೈಗೆ, ಅನುಮತಿ ಪಡೆದು, ಅಂಟಿಸಿದ ಕ್ಯೂಆರ್ ಸ್ಟಿಕರ್‌ನಿಂದ. ಗಂಡ ಜೊತೆಗೆ ಬರದ ಜಾಗ ಅದೊಂದೇ. ಕಾಗದದ ಸ್ಟಿಕರ್ ನಮ್ಮ ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿದು ಉದುರುತ್ತದೆ, ಪ್ಲಾಸ್ಟಿಕ್ಕಿನದೇ ಹಾಕಿಸಿ. ನಾಲ್ಕು ಸೆಂಟಿಮೀಟರಿಗಿಂತ ಚಿಕ್ಕದಾದರೆ ಅಲ್ಲಿನ ಮಬ್ಬು ಬೆಳಕಿನಲ್ಲಿ ಹಳೆಯ ಫೋನು ಓದುವುದಿಲ್ಲ.

ಪ್ರತಿ ತಿಂಗಳ ಮೊದಲ ಸೋಮವಾರ ಪುಟದಲ್ಲಿರುವ ಎಲ್ಲ ಕಚೇರಿ ನಂಬರಿಗೂ ನಾವೇ ಕರೆ ಮಾಡಿ ನೋಡುತ್ತೇವೆ. ಎರಡು ಸಲ ಯಾರೂ ಎತ್ತದಿದ್ದರೆ ಆ ನಂಬರ್ ತೆಗೆದು, 181 ಒಂದನ್ನೇ ಉಳಿಸುತ್ತೇವೆ. ಮಳೆಗೆ ಟವರ್ ಕೈಕೊಡುವ ಜುಲೈನಲ್ಲಿ ಪಟ್ಟಿ ಅರ್ಧಕ್ಕಿಳಿಯುತ್ತದೆ.