ವಿದೇಶಿ ಅತಿಥಿಗೆ ಬೀಗದ ಕೈ ಕೊಡುವ ಮೊದಲು

ಗೋಕರ್ಣದಲ್ಲಿ ಕುಡ್ಲೆ ತೀರಕ್ಕೆ ಇಳಿಯುವ ದಾರಿಯಲ್ಲಿ ನಮ್ಮದು ಐದು ಕೋಣೆಯ ವಸತಿ. ಮೊದಲು ಅಲ್ಲಿ ಕೊಟ್ಟಿಗೆಯಿತ್ತು. ಎಮ್ಮೆ ಕಟ್ಟುತ್ತಿದ್ದಷ್ಟು ಕಾಲ ಯಾರೂ ದಾಖಲೆ ಕೇಳಿರಲಿಲ್ಲ. ಮನುಷ್ಯರನ್ನು ಇಳಿಸಿಕೊಳ್ಳಲು ಶುರುಮಾಡಿದ ದಿನದಿಂದ ಪಂಚಾಯಿತಿ ಪರವಾನಗಿ, ಠಾಣೆಗೆ ಮಾಹಿತಿ, ರಿಜಿಸ್ಟರ್, ವಿದೇಶಿ ಅತಿಥಿಯ ವಿವರ ಕೊಡುವ ಸಿ ಫಾರಂ ಎಲ್ಲವೂ ಒಂದರ ಹಿಂದೊಂದು ಬಂದವು. ಈಗ ನಮ್ಮ ಓಣಿಯಲ್ಲಿ ಮತ್ತೆ ನಾಲ್ಕು ಮನೆಯವರು ಕೋಣೆ ಬಾಡಿಗೆಗೆ ಬಿಟ್ಟಿದ್ದಾರೆ. ಸಂಜೆಯಾದರೆ ಒಬ್ಬರಲ್ಲ ಒಬ್ಬರು ಜಗುಲಿಗೆ ಬಂದು ಕೂರುತ್ತಾರೆ: “ಅಕ್ಕಾ, ಈ ಸಿ ಫಾರಂ ತುಂಬುವುದು ಹೇಗೆ?” ಚಹಾ ಮಾಡಿ ಮಾಡಿ ಮನೆಯಲ್ಲಿ ಹಾಲು ಉಳಿಯುತ್ತಿಲ್ಲ. ಅದಕ್ಕೇ ಒಂದೇ ಸಲ ಬರೆದುಬಿಡುತ್ತಿದ್ದೇನೆ.

2025ರ ಜುಲೈನಲ್ಲಿ ನಮ್ಮ ರಾಮತೀರ್ಥ ಗುಡ್ಡದ ಗುಹೆಯೊಂದರಲ್ಲಿ ರಷ್ಯಾದ ಮಹಿಳೆಯೊಬ್ಬರು ಇಬ್ಬರು ಪುಟ್ಟ ಹೆಣ್ಣುಮಕ್ಕಳೊಂದಿಗೆ ವಾಸವಾಗಿದ್ದುದು ನಿಮಗೆ ನೆನಪಿರಬೇಕು. ಗುಡ್ಡ ಕುಸಿದ ಕಡೆ ಪ್ರವಾಸಿಗರಿದ್ದಾರೆಯೇ ಎಂದು ಗಸ್ತು ಹೋದ ಪೊಲೀಸರ ಕಣ್ಣಿಗೆ ಅವರು ಬಿದ್ದರು. ವೀಸಾ 2017ರಲ್ಲೇ ಮುಗಿದಿತ್ತು. ಊರವರೆಲ್ಲ ಹಾವು, ಗುಹೆ, ಪೂಜೆ ಎಂದು ಮಾತನಾಡುತ್ತಿದ್ದರೆ ನಾನು ಒಳಗೆ ಹೋಗಿ ನನ್ನ ಹಳೆಯ ರಿಜಿಸ್ಟರುಗಳನ್ನು ಕೆಳಗಿಳಿಸಿ ನೋಡಿದೆ. ಅವಧಿ ಮೀರಿದವರೆಲ್ಲ ಗುಹೆಯನ್ನೇ ಹುಡುಕಿಕೊಂಡು ಹೋಗುತ್ತಾರೆಯೇ? ನನ್ನ ಕೋಣೆಯಲ್ಲೋ ನಿಮ್ಮ ಕೋಣೆಯಲ್ಲೋ ಫ್ಯಾನ್ ಹಾಕಿಕೊಂಡು ಮಲಗಿರಲೂಬಹುದು.

ಕಾನೂನಿನ ಮಾತು ಚುಟುಕಾಗಿ ಹೇಳುತ್ತೇನೆ. 1946ರ ವಿದೇಶಿಯರ ಕಾಯ್ದೆಯನ್ನೂ ಇನ್ನು ಮೂರು ಹಳೆಯ ಕಾಯ್ದೆಗಳನ್ನೂ ತೆಗೆದುಹಾಕಿ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. ವೀಸಾ ಮುಗಿದ ಮೇಲೂ ಉಳಿದರೆ 3 ವರ್ಷದವರೆಗೆ ಸೆರೆ, 3 ಲಕ್ಷ ರೂಪಾಯಿವರೆಗೆ ದಂಡ. ಪಾಸ್‌ಪೋರ್ಟ್, ವೀಸಾ ಇಲ್ಲದೆ ನುಸುಳಿದರೆ 5 ವರ್ಷ, 5 ಲಕ್ಷದವರೆಗೆ. ಖೋಟಾ ದಾಖಲೆ ತೋರಿಸಿದರೆ 2ರಿಂದ 7 ವರ್ಷ. ಇವೆಲ್ಲ ಅತಿಥಿಯ ತಲೆಯ ಮೇಲಿನ ಭಾರ. ನಮ್ಮ ಪಾಲಿಗಿರುವುದು ಇಷ್ಟು: ವಿದೇಶಿ ಪೌರರು ಬಂದಿಳಿದ 24 ಗಂಟೆಯೊಳಗೆ ಅವರ ವಿವರ ಕೊಡಬೇಕು. ಕಾಯ್ದೆ ಹೊಸದಾದರೂ ನಮ್ಮ ಬಾಯಲ್ಲಿ ಅದು ಸಿ ಫಾರಂ ಎಂದೇ ಉಳಿದಿದೆ.

ಫಾರಂ ತುಂಬಲು ವಲಸೆ ಬ್ಯೂರೋದ ಪೋರ್ಟಲ್‌ನಲ್ಲಿ ನಿಮ್ಮ ವಸತಿಯ ಹೆಸರಿನಲ್ಲಿ ಖಾತೆ ಬೇಕು. ಅದಕ್ಕೆ ಒಪ್ಪಿಗೆ ಕೊಡುವವರು ಜಿಲ್ಲೆಯ ವಿದೇಶಿಯರ ನೋಂದಣಾಧಿಕಾರಿ, ಎಂದರೆ ಪೊಲೀಸ್ ವರಿಷ್ಠಾಧಿಕಾರಿ; ನಮಗೆ ಅವರ ಕಚೇರಿ ಕಾರವಾರದಲ್ಲಿ. ಅರ್ಜಿಯೊಂದಿಗೆ ಪರವಾನಗಿ, ಮನೆಯ ಕಾಗದಪತ್ರ, ಮಾಲೀಕರ ಗುರುತಿನ ಚೀಟಿ ಸಿದ್ಧವಿರಲಿ. ಒಪ್ಪಿಗೆ ಸಿಗುವವರೆಗೆ ಖಾತೆ ತೆರೆಯುವುದಿಲ್ಲ. ಆದ್ದರಿಂದ ದಸರೆ ಕಳೆದು ಜನ ಬರತೊಡಗಿದ ಮೇಲೆ ಓಡಾಡಬೇಡಿ, ಮಳೆಗಾಲದಲ್ಲೇ ಮುಗಿಸಿಕೊಳ್ಳಿ.

ಇನ್ನು ನಿಜವಾದ ಕೆಲಸ. ಬೆಳಗಿನ ಐದೂವರೆಗೆ ರಾತ್ರಿ ಬಸ್ಸಿನಿಂದ ಇಳಿದವರು ಬಾಗಿಲು ಬಡಿಯುತ್ತಾರೆ. ಬೆನ್ನಿನ ಮೇಲೆ ತಮ್ಮಷ್ಟೇ ಎತ್ತರದ ಚೀಲ, ಕಣ್ಣಲ್ಲಿ ನಿದ್ದೆ. “ಮೊದಲು ಮಲಗುತ್ತೇವೆ, ಆಮೇಲೆ ಕೊಡುತ್ತೇವೆ” ಎನ್ನುತ್ತಾರೆ. ಪಾಪ ಎನಿಸಿದರೂ ಬೀಗದ ಕೈ ಕೊಡಬೇಡಿ. ಎದ್ದವರು ನೇರ ಸಮುದ್ರಕ್ಕೆ ಹೋಗುತ್ತಾರೆ, ಅಲ್ಲಿಂದ ಓಂ ತೀರಕ್ಕೆ, ರಾತ್ರಿ ಹತ್ತಕ್ಕೆ ಬರುತ್ತಾರೆ. ನಿಮ್ಮ 24 ಗಂಟೆ ಅಲ್ಲಿಗೆ ಮುಕ್ಕಾಲು ಕರಗಿರುತ್ತದೆ. ಒಂದು ಲೋಟ ಬಿಸಿ ನೀರು ಕೊಟ್ಟು ಕೂರಿಸಿ, ಪಾಸ್‌ಪೋರ್ಟ್ ಇಸಿದುಕೊಂಡು ಮೂರು ಪುಟದ ಚಿತ್ರ ತೆಗೆಯಿರಿ: ಫೋಟೋ ಇರುವ ಪುಟ, ವೀಸಾ, ಭಾರತಕ್ಕೆ ಇಳಿದ ದಿನದ ಮೊಹರು. ಕೂಡಲೇ ಅವರ ಕೈಗೇ ವಾಪಸ್ಸು ಕೊಡಿ. ಬಾಡಿಗೆಗೆ ಭದ್ರತೆ ಎಂದು ಪಾಸ್‌ಪೋರ್ಟನ್ನು ಪೆಟ್ಟಿಗೆಯಲ್ಲಿಟ್ಟುಕೊಳ್ಳುವ ಅಧಿಕಾರ ನಮಗಿಲ್ಲ.

ಹೆಸರನ್ನು ಅವರ ಬಾಯಿಂದ ಕೇಳಿ ಬರೆಯಬೇಡಿ. ಅವರು ಸಾಶಾ ಎನ್ನುತ್ತಾರೆ, ಪಾಸ್‌ಪೋರ್ಟಿನಲ್ಲಿ ಅಲೆಕ್ಸಾಂಡರ್ ಇರುತ್ತದೆ. ಫೋಟೋ ಪುಟದ ಅಡಿಯಲ್ಲಿ ಬಾಣದ ಗುರುತುಗಳು ತುಂಬಿದ ಎರಡು ಸಾಲುಗಳಿವೆಯಲ್ಲ, ಅವೇ ನಿಮ್ಮ ನಿಜವಾದ ಗೆಳೆಯರು. ಒಂದೊಂದು ಸಾಲಿನಲ್ಲೂ 44 ಸ್ಥಾನ. ಮೇಲಿನ ಸಾಲಿನಲ್ಲಿ ದಾಖಲೆಯ ಗುರುತು, ದೇಶದ ಮೂರು ಅಕ್ಷರ ಕಳೆದ ಮೇಲೆ ಮನೆತನದ ಹೆಸರು, ಎರಡು ಬಾಣ, ಆಮೇಲೆ ಸ್ವಂತ ಹೆಸರು. ಕೆಳಗಿನ ಸಾಲಿನ ಮೊದಲ ಒಂಬತ್ತು ಸ್ಥಾನ ಪಾಸ್‌ಪೋರ್ಟ್ ಸಂಖ್ಯೆಯದು. ಹತ್ತನೆಯ ಅಂಕಿ ತಾಳೆ ನೋಡಲು ಇಟ್ಟದ್ದು, ಅದನ್ನು ಸೇರಿಸಬೇಡಿ. ಆಮೇಲೆ ದೇಶದ ಮೂರು ಅಕ್ಷರ, ಅದರ ಹಿಂದೆಯೇ ಹುಟ್ಟಿದ ದಿನ: ವರ್ಷ, ತಿಂಗಳು, ತಾರೀಖು, ಈ ಕ್ರಮದಲ್ಲಿ. 850711 ಎಂದಿದ್ದರೆ 1985ರ ಜುಲೈ 11. ಈ ಸಾಲನ್ನು ಓದಲು ಕಲಿತ ಮೇಲೆ ಅಮೆರಿಕದವರ ಕಾಟವೂ ತಪ್ಪಿತು. ಅವರು ರಿಜಿಸ್ಟರಿನಲ್ಲಿ ತಿಂಗಳನ್ನು ಮೊದಲು ಬರೆದು, ಜುಲೈ 11ರಂದು ಹುಟ್ಟಿದವರು ನಮ್ಮ ಕಣ್ಣಿಗೆ ನವೆಂಬರ್ 7ರಂದು ಹುಟ್ಟಿದಂತೆ ಮಾಡುತ್ತಿದ್ದರು.

ನಾನು ಎಡವಿದ್ದು ಸೊನ್ನೆಯಲ್ಲಿ. ಮೊದಲ ವರ್ಷ ಒಬ್ಬ ಹುಡುಗನ ಪಾಸ್‌ಪೋರ್ಟ್ ಸಂಖ್ಯೆಯಲ್ಲಿ ಸೊನ್ನೆಯ ಬದಲು ಇಂಗ್ಲಿಷಿನ ಓ ಒತ್ತಿದ್ದೆ. ವಾರದ ಮೇಲೆ ಠಾಣೆಯಿಂದ ಕರೆ: “ನಿಮ್ಮ ಅತಿಥಿ ದಾಖಲೆಯಲ್ಲೇ ಇಲ್ಲವಲ್ಲ ಅಮ್ಮಾ?” ಆ ಹುಡುಗ ನಮ್ಮ ಜಗುಲಿಯಲ್ಲೇ ಕೂತು ಅವಲಕ್ಕಿ ತಿನ್ನುತ್ತಿದ್ದ. ಅಂದಿನಿಂದ ಭೂತಗನ್ನಡಿ ಇಟ್ಟುಕೊಂಡಿದ್ದೇನೆ. ಅಡಿಯ ಸಾಲಿನ ಅಚ್ಚಿನಲ್ಲಿ ಸೊನ್ನೆ ಸಪೂರ, ಓ ಅಗಲ. ಒಮ್ಮೆ ನೋಡಿ ಗುರುತು ಹಿಡಿದರೆ ಮತ್ತೆ ಮರೆಯುವುದಿಲ್ಲ.

ವೀಸಾದಲ್ಲಿ ಎರಡು ಲೆಕ್ಕಗಳಿವೆ, ಒಂದನ್ನೊಂದು ಬೆರೆಸಬೇಡಿ. ವೀಸಾ ಎಲ್ಲಿಯವರೆಗೆ ಚಾಲ್ತಿಯಲ್ಲಿದೆ ಎಂಬುದು ಒಂದು. ಒಮ್ಮೆ ಬಂದರೆ ಎಷ್ಟು ದಿನ ಇರಬಹುದು ಎಂಬುದು ಇನ್ನೊಂದು. ಐದು ವರ್ಷದ ಪ್ರವಾಸಿ ವೀಸಾ ಇದೆ ಎಂದು ಐದು ವರ್ಷ ಕುಡ್ಲೆಯಲ್ಲಿ ಕೂರುವಂತಿಲ್ಲ. 30 ದಿನದ ಇ-ವೀಸಾದಲ್ಲಿ ದಿನ ಎಣಿಸುವುದು ಭಾರತಕ್ಕೆ ಇಳಿದಲ್ಲಿಂದ. ಮೊಹರಿನ ಚಿತ್ರ ತೆಗೆಯಿರಿ ಎಂದದ್ದು ಅದಕ್ಕೇ. 180 ದಿನಕ್ಕಿಂತ ಹೆಚ್ಚಿನ ವೀಸಾದಲ್ಲಿ ಓದಲೋ ಕೆಲಸಕ್ಕೋ ಬಂದವರು ಸಾಮಾನ್ಯವಾಗಿ 14 ದಿನದೊಳಗೆ ತಾವೇ ನೋಂದಣಿ ಮಾಡಿಸಿಕೊಳ್ಳಬೇಕು. ಆ ಕಾಗದ ಇದೆಯೇ ಎಂದು ಕೇಳಿ.

ಯಾರು ವಿದೇಶಿ ಎಂಬುದನ್ನು ಮುಖ ನೋಡಿ ತೀರ್ಮಾನಿಸಲು ಹೋದರೆ ನನ್ನ ಹಾಗೆ ಪೇಚಿಗೆ ಸಿಕ್ಕುತ್ತೀರಿ. ಹೋದ ವರ್ಷ ಡಿಸೆಂಬರಿನಲ್ಲಿ ಒಬ್ಬಳು ಹುಡುಗಿ ಬಂದಳು. ಬಾಯಿ ತೆರೆದರೆ ಶಿರಸಿ ಕಡೆಯ ಅಚ್ಚ ಹವ್ಯಕ ಮಾತು. ಮಧ್ಯಾಹ್ನ ಅಪ್ಪೆಹುಳಿ ಸಿಗುತ್ತದೆಯೇ ಎಂದು ಕೇಳಿದಳು. ನಾನು ಆಧಾರ್ ಕೇಳಿದೆ. ಅವಳು ತೆಗೆದು ಕೊಟ್ಟದ್ದು ಅಮೆರಿಕದ ಪಾಸ್‌ಪೋರ್ಟ್ ಮತ್ತು ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್. ಆ ಕಾರ್ಡ್ ಇದ್ದವರಿಗೆ ವೀಸಾ ಬೇಡ, ಆದರೆ ಕಾನೂನಿನ ಲೆಕ್ಕದಲ್ಲಿ ಅವರು ವಿದೇಶಿ ಪೌರರೇ. ಫಾರಂ ತುಂಬುವಾಗ ಅವಳಿಗೆ ಸ್ವಲ್ಪ ಮುನಿಸಾಯಿತು: “ನನ್ನ ಅಜ್ಜನ ಮನೆ ಇಲ್ಲಿಂದ ಎರಡು ತಾಸು, ಅತ್ತೆ.” ಇರಲಿ ಮಗಳೇ ಎಂದು ತುಂಬಿಯೇ ತುಂಬಿದೆ.

ಅದೇ ತಿಂಗಳು ಪಕ್ಕದ ಮನೆಯಲ್ಲಿ ಚಿರೇಕಲ್ಲಿನ ಗೋಡೆ ಏಳುತ್ತಿತ್ತು. ಗಾರೆ ಕೆಲಸಕ್ಕೆ ಬಂದ ನಾಲ್ವರು ಬಂಗಾಳಿ ಮಾತನಾಡುತ್ತಿದ್ದರು. ಓಣಿಯಲ್ಲಿ ಗುಸುಗುಸು ಶುರುವಾಯಿತು: ಬಾಂಗ್ಲಾದವರಿರಬೇಕು. ನನಗೆ ಸಿಟ್ಟು ಬಂತು. ಬಂಗಾಳಿ ಪಶ್ಚಿಮ ಬಂಗಾಳದ ಮಾತು, ತ್ರಿಪುರಾದ ಮಾತು, ಅಸ್ಸಾಮಿನ ಬರಾಕ್ ಕಣಿವೆಯ ಮಾತು. ನಾಡಿನೊಳಗಿನವರೇ ಕೋಟಿಗಟ್ಟಲೆ ಇದ್ದಾರೆ. ಮಾಡಬೇಕಾದದ್ದು ಗುಸುಗುಸು ಅಲ್ಲ. ಕೆಲಸಗಾರರಿಗೆ ಕೋಣೆ ಕೊಡುವಾಗ ಅವರ ಗುರುತಿನ ಚೀಟಿಯ ಜೆರಾಕ್ಸ್, ಸ್ವಂತ ಊರು, ಅಲ್ಲಿಯ ಪೊಲೀಸ್ ಠಾಣೆಯ ಹೆಸರು, ಮನೆಯವರ ಫೋನ್, ಕರೆತಂದ ಗುತ್ತಿಗೆದಾರನ ಫೋನ್ ಬರೆದು ಠಾಣೆಗೆ ಒಂದು ಪ್ರತಿ ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ. ತದಡಿ, ಬೇಲೇಕೇರಿಯ ದೋಣಿಗಳಿಗೆ ಒಡಿಶಾ, ಝಾರ್ಖಂಡಿನಿಂದ ಬರುವವರಿಗೂ ಇದೇ ಕ್ರಮ. ಆಧಾರ್ ಪೌರತ್ವದ ಪುರಾವೆ ಅಲ್ಲ, ಹಾಗೆಂದು ಆಧಾರ್ ಮಾತ್ರ ಇದ್ದವರು ನುಸುಳುಕೋರರೂ ಅಲ್ಲ. ತಾಳೆ ನೋಡುವುದು ಪೊಲೀಸರ ಕೆಲಸ. ಆ ನಾಲ್ವರ ಕಾಗದವೂ ಹೋಗಿ ಬಂತು; ಮುರ್ಶಿದಾಬಾದಿನವರು, ನಮ್ಮವರೇ.

ನಮ್ಮ ಹೋಟೆಲುಗಳ ಒಲೆಯ ಮುಂದಿರುವ ನೇಪಾಳದ ಹುಡುಗರ ವಿಷಯವನ್ನೂ ಕೇಳುತ್ತಾರೆ. 1950ರ ಒಪ್ಪಂದದಿಂದಾಗಿ ಅವರು ಇಲ್ಲಿ ಇರಬಹುದು, ದುಡಿಯಬಹುದು, ವೀಸಾ ಬೇಡ. ಅವರ ದೇಶದ ನಾಗರಿಕತಾ ಪತ್ರದ ಒಂದು ಪ್ರತಿ ಕಡತದಲ್ಲಿರಲಿ.

ಪುಟ ತಿರುವಿದಾಗ ಅವಧಿ ಮುಗಿದಿರುವುದು ಕಂಡರೆ? ಕೂಗಾಡಬೇಡಿ, ಚೀಲ ಹೊರಗೆ ಎಸೆಯಬೇಡಿ, ಮುಖ್ಯವಾಗಿ ಹೆಚ್ಚಿನ ಬಾಡಿಗೆಗೆ ಆಸೆಪಟ್ಟು ಬಾಯಿ ಮುಚ್ಚಿಕೊಳ್ಳಬೇಡಿ. ಫಾರಂ ಇದ್ದದ್ದು ಇದ್ದ ಹಾಗೆ ತುಂಬಿ, ಠಾಣೆಗೆ ತಿಳಿಸಿ. ಅತಿಥಿಗೂ ನೇರವಾಗಿ ಹೇಳಿ: ಇ-ಎಫ್‌ಆರ್‌ಆರ್‌ಒ ಎಂಬ ವಿದೇಶಿಯರ ನೋಂದಣಿ ಕಚೇರಿಯ ಪೋರ್ಟಲ್‌ನಲ್ಲಿ ದಂಡ ಕಟ್ಟಿ ದೇಶ ಬಿಡಲು ಅನುಮತಿಗೆ ಅರ್ಜಿ ಹಾಕಬಹುದು. ನನ್ನಲ್ಲಿಗೆ ಒಮ್ಮೆ ಜ್ವರದಿಂದ ಮಲಗಿ ಆರು ದಿನ ಮೀರಿದ್ದ ಹೆಂಗಸು ಬಂದಿದ್ದಳು. ಆಸ್ಪತ್ರೆಯ ಚೀಟಿಗಳನ್ನೆಲ್ಲ ಜೋಡಿಸಿ ಇದೇ ದಾರಿ ತೋರಿಸಿದೆ. ಗಂಜಿ ಕುಡಿಯುತ್ತಾ ಅರ್ಜಿ ತುಂಬಿದಳು.

ತೆಗೆದ ಚಿತ್ರಗಳನ್ನು ಓಣಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಒಬ್ಬರು “ಇವಳು ನೋಡಲು ಚೆಂದ” ಎಂದು ಪಾಸ್‌ಪೋರ್ಟ್ ಪುಟವನ್ನೇ ಹಂಚಿದ್ದರು. ಅವರ ಮನೆಯ ಚಹಾ ನಾನು ಇಂದಿಗೂ ಕುಡಿದಿಲ್ಲ.

ಕೊನೆಗೆ ರಿಜಿಸ್ಟರ್. ಪೋರ್ಟಲ್ ಇದೆಯಲ್ಲ, ಪುಸ್ತಕ ಏಕೆ ಎಂದು ಹುಡುಗರು ನಗುತ್ತಾರೆ. ಆಷಾಢದ ಗಾಳಿಗೆ ತೆಂಗಿನ ಮಡಲು ತಂತಿಯ ಮೇಲೆ ಬಿದ್ದರೆ ನಮ್ಮಲ್ಲಿ ಎರಡು ದಿನ ಕರೆಂಟ್ ಇರುವುದಿಲ್ಲ, ಟವರ್ ಕೂಡ ಸತ್ತಿರುತ್ತದೆ. ಅಂಥ ದಿನ ನಾನು ಪುಸ್ತಕದಲ್ಲಿ ವಿವರ ಬರೆದು, ಬಂದ ಗಂಟೆ ಹಾಕಿ, ಅತಿಥಿಯ ಸಹಿ ಪಡೆದು, ಅದರ ಪ್ರತಿಯನ್ನು ಕೊಡೆ ಹಿಡಿದುಕೊಂಡು ಠಾಣೆಗೆ ಒಯ್ದು ಕೊಡುತ್ತೇನೆ. ಕರೆಂಟ್ ಬಂದ ಕೂಡಲೇ ಪೋರ್ಟಲ್‌ಗೂ ಏರಿಸುತ್ತೇನೆ. ಹೊರಡುವಾಗ ಮುಂದಿನ ಊರು ಯಾವುದೆಂದು ಕೇಳಿ ಕೊನೆಯ ಅಂಕಣದಲ್ಲಿ ಬರೆಯಿರಿ. ನೀಲಿ ಬಾಲ್‌ಪೆನ್ ಬಳಸಿ. ಶಾಯಿ ಪೆನ್ನಿನಲ್ಲಿ ಬರೆದದ್ದು ಜುಲೈನ ತೇವಕ್ಕೆ ಹಬ್ಬಿ ಹೋಗುತ್ತದೆ.